ದೊಡ್ಡಪ್ಪನ ಹೆಪಟೈಟಿಸ್ ಸಿ ಮಾತ್ರೆ ವಿಷಯ, ಎಲ್ರೂ ಪೂರ್ತಿ ಕೇಳಿ

ಅಕ್ಕಾ, ಗ್ರೂಪಲ್ಲಿರೋ ಎಲ್ರಿಗೂ ಸೇರಿಸಿನೇ ಹೇಳ್ತಿದೀನಿ, ಟೈಪ್ ಮಾಡ್ತಾ ಕೂತ್ರೆ ರಾತ್ರಿ ಆಗುತ್ತೆ ಅದಕ್ಕೆ ವಾಯ್ಸ್. ಬೆಳಿಗ್ಗೆ ಭಾವ ಒಂದು ಫಾರ್ವರ್ಡ್ ಹಾಕಿದ್ರಲ್ಲ, ಹೆಪಟೈಟಿಸ್ ಸಿ, ಅಂದ್ರೆ ಲಿವರ್ ಹಾಳು ಮಾಡೋ ವೈರಸ್ಸು, ಅದರ ಮಾತ್ರೆ ತಗೊಂಡ್ರೆ ಲಿವರ್ ಕ್ಯಾನ್ಸರ್ ವಾಪಸ್ ಬರುತ್ತೆ ಅಂತ, ಅದನ್ನ ನೋಡಿ ದೊಡ್ಡಮ್ಮ ಹೆದ್ರಿಬಿಟ್ಟಿದಾರೆ, ಮಾತ್ರೆ ಬೇಡವೇ ಬೇಡ ಅಂತಿದಾರೆ. ಚಿಕ್ಕಪ್ಪ ಬೇರೆ, ಕ್ಯಾನ್ಸರ್ರೇ ಬಂದಾಯ್ತು, ಇನ್ನು ವೈರಸ್ ಸಾಯ್ಸಿ ಏನ್ ಪ್ರಯೋಜನ ಅಂದ್ರು. ನಾನು ಡಾಕ್ಟ್ರಲ್ಲ, ಫಾರ್ಮಸಿಲಿರೋಳು, ಆದ್ರೂ ಈ ಮಾತ್ರೆಗಳ ಬಗ್ಗೆ ಒಂದಿಷ್ಟು ಗೊತ್ತು.

ಚಿಕ್ಕಪ್ಪಾ, ದೊಡ್ಡಪ್ಪಂಗಿರೋದು ಒಂದು ಕಾಯಿಲೆ ಅಲ್ಲ, ಎರಡು. ಒಂದು ಲಿವರಿನ ಕ್ಯಾನ್ಸರ್ ಗಡ್ಡೆ, ಅದನ್ನ ಸೂಜಿ ಹಾಕಿ ಸುಟ್ಟಾಯ್ತು, ಈ ಸಲದ ಸ್ಕ್ಯಾನಲ್ಲಿ ಜೀವ ಇರೋ ಗಡ್ಡೆ ಕಾಣ್ತಿಲ್ಲ. ಇನ್ನೊಂದು ಸಿರೋಸಿಸ್ಸು, ಅಂದ್ರೆ ವರ್ಷಗಟ್ಲೆ ಆ ವೈರಸ್ ಕೂತು ಲಿವರ್ನ ಗಟ್ಟಿ ಮಾಡಿಟ್ಟಿರೋದು. ಲಿವರ್ ಕ್ಯಾನ್ಸರ್ ಇರೋರಲ್ಲಿ ಎಷ್ಟೋ ಜನ ಹೋಗೋದು ಗಡ್ಡೆಯಿಂದಲ್ಲ, ಲಿವರ್ ಕೈಕೊಟ್ಟು, ಹೊಟ್ಟೇಲಿ ನೀರು ತುಂಬ್ಕೊಂಡು, ರಕ್ತ ವಾಂತಿ ಆಗಿ. ವೈರಸ್ ಹೋದ್ರೆ ಲಿವರ್ ಹಾಳಾಗೋದು ನಿಧಾನ ಆಗುತ್ತೆ, ಕೆಲವ್ರಿಗೆ ಲಿವರ್ ಹೇಗಿದೆ ಅಂತ ತೋರ್ಸೋ ರಕ್ತದ ಆಲ್ಬುಮಿನ್, ಬಿಲಿರುಬಿನ್ ಎಲ್ಲಾ ಸುಧಾರಿಸೋದೂ ಉಂಟು. ಇನ್ನೊಂದು ಮುಖ್ಯ, ದೇವ್ರು ಹಾಗೆ ಮಾಡ್ದೇ ಇರ್ಲಿ, ನಾಳೆ ಗಡ್ಡೆ ಮತ್ತೆ ಬಂದ್ರೂ ಲಿವರ್ ಚೆನ್ನಾಗಿ ಕೆಲಸ ಮಾಡ್ತಿದ್ರೆ ತಾನೇ ಮತ್ತೆ ಸುಡೋದೋ, ರಕ್ತನಾಳದಿಂದ ಕೀಮೋ ಹಾಕೋದೋ ಮಾಡೋಕಾಗೋದು, ಲಿವರ್ರೇ ಸೋತಿದ್ರೆ ಡಾಕ್ಟ್ರು ಕೈ ಚೆಲ್ತಾರೆ.

ಈಗ ಆ ಫಾರ್ವರ್ಡು. ಅದು ಪೂರ್ತಿ ಸುಳ್ಳಲ್ಲ, ಹಳೇದು. 2016ರಲ್ಲಿ ಸ್ಪೇನ್ ಡಾಕ್ಟ್ರುಗಳು ಒಂದು ವರದಿ ಬರೆದಿದ್ರು, ಕ್ಯಾನ್ಸರ್ ವಾಸಿಯಾಗಿದ್ದ 58 ಜನಕ್ಕೆ ಈ ಹೊಸ ಮಾತ್ರೆ ಕೊಟ್ಟಾಗ 16 ಜನಕ್ಕೆ ಬೇಗನೇ ಗಡ್ಡೆ ವಾಪಸ್ ಬಂತು ಅಂತ. ಪ್ರಪಂಚ ಎಲ್ಲಾ ಬೆಚ್ಚಿಬಿತ್ತು. ಆದ್ರೆ ಮಾತ್ರೆ ತಗೊಳ್ದೇ ಇರೋರನ್ನ ಪಕ್ಕದಲ್ಲಿಟ್ಟು ಹೋಲ್ಸಿರ್ಲಿಲ್ಲ, ಮತ್ತೆ ಈ ಕ್ಯಾನ್ಸರ್ರು ಮಾತ್ರೆ ಇರ್ಲಿ ಬಿಡ್ಲಿ ಮರುಕಳಿಸೋ ಜಾತಿದೇ. ಆಮೇಲೆ ಅಮೆರಿಕ ಕೆನಡಾದ 31 ಆಸ್ಪತ್ರೆಗಳಲ್ಲಿ ಸುಮಾರು 800 ಜನರ ಲೆಕ್ಕ ತೆಗೆದ್ರು, 2019ರಲ್ಲಿ ಬಂತು, ಮಾತ್ರೆ ತಗೊಂಡೋರಲ್ಲಿ ಕ್ಯಾನ್ಸರ್ ಜಾಸ್ತಿ ವಾಪಸ್ ಬರ್ಲಿಲ್ಲ, ಸಾವಿನ ಅಪಾಯ ಹತ್ತಿರ ಹತ್ತಿರ ಅರ್ಧ. ಅದೂ ವೈರಸ್ ಪೂರ್ತಿ ಹೋದೋರಿಗೇ ಆ ಲಾಭ. ಮಾತ್ರೆ ಸಿಕ್ಕಿದ್ದು ಮೊದಲೇ ಆರೋಗ್ಯ ಸ್ವಲ್ಪ ಚೆನ್ನಾಗಿದ್ದ ಪೇಷೆಂಟುಗಳಿಗೆ ಇರ್ಬೋದು ಅಂತ ಅನುಮಾನ ಬರುತ್ತೆ ನಿಜ, ಅದನ್ನೂ ಲೆಕ್ಕಕ್ಕೆ ತಗೊಂಡೇ ಹೇಳಿರೋದು. ಭಾವಾ ಬೇಜಾರ್ ಮಾಡ್ಕೋಬೇಡಿ, ಮುಂದಿನ ಸಲ ಗ್ರೂಪಿಗೆ ಹಾಕೋ ಮುಂಚೆ ನಂಗೊಂದು ಫೋನ್ ಮಾಡಿ.

ದೊಡ್ಡಮ್ಮಾ, ಗಡ್ಡೆ ಸುಟ್ಮೇಲೆ ಮಾತ್ರೆ ಕೊಡ್ದೇ ಸುಮ್ನೆ ಕಾಯಿಸಿದ್ರು ಅಂತ ಬೈತಿದ್ರಲ್ಲ, ಅದು ಬೇಜವಾಬ್ದಾರಿ ಅಲ್ಲ. ನಾಲ್ಕರಿಂದ ಆರು ತಿಂಗಳು ಬಿಟ್ಟು ಸ್ಕ್ಯಾನ್ ಮಾಡಿ ಗಡ್ಡೆ ನಿಜವಾಗ್ಲೂ ಸತ್ತಿದ್ಯಾ ನೋಡಿ ಆಮೇಲೆ ಶುರು ಮಾಡೋದೇ ರೂಢಿ, ಯಾಕಂದ್ರೆ ಗಡ್ಡೆ ಜೀವಂತ ಇರುವಾಗ ಕೊಟ್ರೆ ಈ ಮಾತ್ರೆ ಕೆಲಸ ಮಾಡೋದು ಸ್ವಲ್ಪ ಕಮ್ಮಿ. ಕ್ಯಾನ್ಸರ್ ಹರಡಿಬಿಟ್ಟಿದ್ರೆ ವೈರಸ್ ಮಾತ್ರೆಗೆ ಅವಸರಾನೇ ಮಾಡಲ್ಲ, ನಮ್ಮ ದೊಡ್ಡಪ್ಪಂದು ಆ ಸ್ಥಿತಿ ಅಲ್ಲ.

ಈಗ ಕೆಲಸದ ಮಾತು. ಬರ್ದಿರೋದು ಸೊಫೊಸ್ಬುವಿರ್, ವೆಲ್ಪಟಾಸ್ವಿರ್, ಎರಡೂ ಸೇರಿ ದಿನಕ್ಕೆ ಒಂದೇ ಮಾತ್ರೆ, 12 ವಾರ. ದೊಡ್ಡಪ್ಪ ಬೆಳಿಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ ನುಂಗ್ತಾರಲ್ಲ, ಪ್ಯಾಂಟೊಪ್ರಜೋಲ್, ಅದನ್ನ ಡಾಕ್ಟ್ರಿಗೆ ಹೇಳ್ಲೇಬೇಕು. ಹೊಟ್ಟೇಲಿ ಆಸಿಡ್ ಕಮ್ಮಿ ಆದ್ರೆ ವೆಲ್ಪಟಾಸ್ವಿರ್ ಸರಿಯಾಗಿ ಮೈಗೆ ಹತ್ತಲ್ಲ, ದುಬಾರಿ ಕೋರ್ಸ್ ನೀರಲ್ಲಿ ಹೋಮ. ಹಾರ್ಟಿಗೆ ಅಮಿಯೊಡರೋನ್ ತಗೊಳೋರಾಗಿದ್ರೆ ಅದಂತೂ ಇನ್ನೂ ಅಪಾಯ, ಸೊಫೊಸ್ಬುವಿರ್ ಜೊತೆ ಹಾರ್ಟ್ ಬಡಿತ ತೀರಾ ಇಳಿದುಹೋಗ್ಬೋದು. ಮನೇಲಿರೋ ಸ್ಟ್ರಿಪ್ಪುಗಳದ್ದೆಲ್ಲ ಫೋಟೋ ತೆಗೆದು ನಂಗೆ ಕಳ್ಸಿ, ಹಿಂದುಗಡೆ ಹೆಸರು ಕಾಣೋ ಹಾಗೆ. ಹೆಪಟೈಟಿಸ್ ಬಿ ಟೆಸ್ಟ್ ಆಗಿದ್ಯಾ ಅದೂ ಕೇಳಿ, ಸಿ ಹೋಗೋ ಹೊತ್ತಿಗೆ ಬಿ ತಲೆ ಎತ್ತೋದುಂಟು. ಅತ್ತೆ ಹೇಳಿದ ಕಾಮಾಲೆ ನಾಟಿ ಔಷಧಿ ದಯವಿಟ್ಟು ಬೇಡ, ಅದರಲ್ಲಿ ಏನಿದೆ ಅಂತ ಕೊಡೋರಿಗೂ ಗೊತ್ತಿರಲ್ಲ, ಈ ಲಿವರ್ಗೆ ಅದು ತಡೆಯಲ್ಲ.

ದುಡ್ಡಿನ ಚಿಂತೆ ಇದ್ರೆ ಜಿಲ್ಲಾಸ್ಪತ್ರೇಲಿ ವಿಚಾರಿಸಿ, 2018ರಿಂದ ಕೇಂದ್ರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಟೆಸ್ಟೂ ಮಾತ್ರೇನೂ ಫ್ರೀ.

ಕೋರ್ಸ್ ಮುಗಿದು 12 ವಾರ ಆದ್ಮೇಲೆ ವೈರಲ್ ಲೋಡ್, ಅಂದ್ರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡೋ ಟೆಸ್ಟ್, ಮಾಡಿಸ್ಬೇಕು, ಆಂಟಿಬಾಡಿ ಟೆಸ್ಟ್ ಅಲ್ಲ, ಅದು ವಾಸಿಯಾದ್ರೂ ಪಾಸಿಟಿವ್ವೇ ತೋರ್ಸುತ್ತೆ, ಅದನ್ನ ನೋಡಿ ಮತ್ತೆ ಗಾಬರಿ ಬೀಳ್ಬೇಡಿ. ನೆಗೆಟಿವ್ ಬಂತು ಅಂತ ಸ್ಕ್ಯಾನ್ ಮಾತ್ರ ನಿಲ್ಲಿಸೋ ಹಾಗಿಲ್ಲ, ಸಿರೋಸಿಸ್ ಇದ್ದೇ ಇರುತ್ತೆ. ಗುರುವಾರ ದೊಡ್ಡಪ್ಪನ ಜೊತೆ ಯಾರು ಹೋಗ್ತಿದೀರಾ, ಹಳೇ ಸಿಟಿ ಸ್ಕ್ಯಾನ್ ಸಿಡಿ ತಗೊಂಡೇ ಹೋಗಿ, ಅದು ಟಿವಿ ಸ್ಟ್ಯಾಂಡ್ ಡ್ರಾಯರಲ್ಲಿದೆ.