ಸೊಂಟದ ಕೀಲಿನ ಉಬ್ಬಿಗೆ ಕೀಹೋಲ್ ಶಸ್ತ್ರಚಿಕಿತ್ಸೆ ಬೇಕೇ?

ಪ್ರಶ್ನೆ: ಡಾಕ್ಟರೇ, ನನಗೆ 32 ವರ್ಷ, ಫುಟ್‌ಬಾಲ್ ಆಡುತ್ತೇನೆ. ವರ್ಷದಿಂದ ಬಲ ತೊಡೆಸಂದಿನಲ್ಲಿ ನೋವಿದೆ. ಕುಕ್ಕರುಗಾಲಲ್ಲಿ ಕುಳಿತರೆ, ಕಾರಿನಿಂದ ಇಳಿದರೆ ಚುಚ್ಚುತ್ತದೆ. ಎಕ್ಸ್‌-ರೇಯಲ್ಲಿ ತೊಡೆಮೂಳೆಯ ಕತ್ತಿನ ಬಳಿ ಉಬ್ಬು ಕಂಡಿದೆ, ಎಂಆರ್‌ಐಯಲ್ಲಿ ಲೇಬ್ರಮ್ (ಕೀಲಿನ ಬಟ್ಟಲಿನ ಅಂಚಿಗಿರುವ ಮೆತ್ತನೆಯ ಪಟ್ಟಿ) ಹರಿದಿರುವುದು ಕಂಡಿದೆ. ಶಸ್ತ್ರಚಿಕಿತ್ಸೆ ಮಾಡಿಸಲೇಬೇಕೇ?

ಉತ್ತರ (ಮೂಳೆ ಶಸ್ತ್ರಚಿಕಿತ್ಸಕ): ಉಬ್ಬು ಇದ್ದ ಮಾತ್ರಕ್ಕೆ ಬೇಡ. ನೋವೇ ಇಲ್ಲದ ಎಷ್ಟೋ ಆಟಗಾರರಲ್ಲೂ ಅದು ಕಾಣುತ್ತದೆ. ನಿಮ್ಮ ನೋವು, ಕಾಲನ್ನು ಮಡಚಿ ಒಳಕ್ಕೆ ತಿರುಗಿಸಿದಾಗ ಸಿಗುವ ಲಕ್ಷಣ, ಚಿತ್ರ ಈ ಮೂರೂ ಒಂದೇ ಮಾತು ಹೇಳಬೇಕು. ಹೇಳಿದರೂ ಮೊದಲು ಮೂರು ತಿಂಗಳು ಸರಿಯಾದ ಫಿಸಿಯೋಥೆರಪಿ ಮಾಡಿ ನೋಡಿ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನದಲ್ಲಿ 348 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೀಹೋಲ್ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಫಿಸಿಯೋಥೆರಪಿ ಕೊಟ್ಟಿದ್ದರು. ವರ್ಷದ ಬಳಿಕ ಎರಡೂ ಗುಂಪಿನವರು ಸುಧಾರಿಸಿದ್ದರು; ಶಸ್ತ್ರಚಿಕಿತ್ಸೆಯಾದವರು ಸೊಂಟದ ನೋವು, ಓಡಾಟ ಅಳೆಯುವ 100 ಅಂಕಗಳ ಅಳತೆಯಲ್ಲಿ ಸುಮಾರು 7 ಅಂಕ ಮುಂದಿದ್ದರು. ಲಾಭ ನಿಜ, ಆದರೆ ಪವಾಡವಲ್ಲ.

ಪ್ರಶ್ನೆ: ಫಿಸಿಯೋಥೆರಪಿಯಲ್ಲಿ ಮಂಡಿಯನ್ನು ಎದೆಗೆ ಒತ್ತಿಸುತ್ತಿದ್ದರು, ನೋವು ಹೆಚ್ಚಾಯಿತು.

ಉತ್ತರ: ಹೆಚ್ಚಾಗಲೇಬೇಕು! ಹಾಗೆ ಒತ್ತಿದಾಗಲೇ ಉಬ್ಬು ಬಟ್ಟಲಿನ ಅಂಚಿಗೆ ತಾಗಿ ಲೇಬ್ರಮನ್ನು ಜಜ್ಜುವುದು. ನಿಮಗೆ ಬೇಕಿರುವುದು ಪೃಷ್ಠ ಮತ್ತು ನಡುವಿನ ಸ್ನಾಯುಗಳಿಗೆ ಬಲ, ಎಳೆತವಲ್ಲ. ಅದನ್ನು ನಿಷ್ಠೆಯಿಂದ ಮಾಡಿದ ಮೇಲೂ ನೋವು ಉಳಿದರೆ ಶಸ್ತ್ರಚಿಕಿತ್ಸೆಯನ್ನು ಧೈರ್ಯವಾಗಿ ಯೋಚಿಸಿ. ಅರಿವಳಿಕೆ ಕೊಟ್ಟು, ಕಾಲನ್ನು ಎಳೆದು ಕೀಲನ್ನು ಸ್ವಲ್ಪ ತೆರೆಯುತ್ತೇವೆ. ಎರಡು ಮೂರು ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಉಬ್ಬನ್ನು ಉಜ್ಜಿ ತೆಗೆದು, ಲೇಬ್ರಮನ್ನು ಅಂಚಿಗೆ ಹೊಲಿಯುತ್ತೇವೆ. ಎಳೆತದಿಂದ ಜನನಾಂಗದ ಸುತ್ತ, ರಂಧ್ರಗಳಿಂದ ತೊಡೆಯ ಹೊರಬದಿಯಲ್ಲಿ ಜೋಮು ಹಿಡಿಯಬಹುದು. ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ರೋಗಿಗಳು ವಿಪರೀತ ಗಾಬರಿಯಾಗುತ್ತಾರೆ. ಕೆಲವು ವಾರ ಊರುಗೋಲು ಬೇಕು. ಮೈದಾನಕ್ಕೆ ಮರಳಲು ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ಗಾಯ ಚಿಕ್ಕದೆಂದು ಅವಸರ ಮಾಡಬೇಡಿ.

ಇನ್ನೊಬ್ಬರು: ನನ್ನ ತಾಯಿಗೂ ಇದೇ ಉಬ್ಬು ಇದೆ, ಕೀಲೂ ಸವೆದಿದೆ. ಅವರಿಗೂ ಆಗುತ್ತದೆಯೇ ಡಾಕ್ಟರೇ?

ಉತ್ತರ: ಕೀಲಿನ ಸಂದು 2 ಮಿಲಿಮೀಟರಿಗಿಂತ ಕಿರಿದಾಗಿದ್ದರೆ ದಯವಿಟ್ಟು ಮಾಡಿಸಬೇಡಿ. ಮೃದ್ವಸ್ಥಿ ಸವೆದ ಮೇಲೆ ಉಬ್ಬು ತೆಗೆದರೂ ನೋವು ಉಳಿಯುತ್ತದೆ, ಅನೇಕರಿಗೆ ಬೇಗನೆ ಕೀಲುಬದಲಿ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ನಿಂತು ತೆಗೆಸಿದ ಎಕ್ಸ್‌-ರೇ ಇದ್ದರೆ ಸಂದಿನ ಅಳತೆಯನ್ನು ನಿಮ್ಮ ವೈದ್ಯರಿಂದ ಕೇಳಿ ತಿಳಿಸಿ.