ಓಣಿಯ ಮಕ್ಕಳಿಗೆ ದೀಪಾವಳಿ ಆಟಿಕೆ: ಹಂಚಿದ ಅನುಭವವಿದ್ದವರು ತಿಳಿಸುವಿರಾ?

ಗಂಗಾವತಿಯಿಂದ ಪ್ರಶ್ನೆ:
ನಮ್ಮ ಓಣಿಯ ಗೆಳೆಯರ ಬಳಗವು ಈ ಬಾರಿ ಪಟಾಕಿಯ ಖರ್ಚನ್ನು ಉಳಿಸಿ, ಬಲಿಪಾಡ್ಯಮಿಯಂದು ಸುಮಾರು 150 ಮಕ್ಕಳಿಗೆ ಆಟಿಕೆ ಕೊಡಲು ನಿರ್ಧರಿಸಿದೆ. ಹಂಚುವ ಹೊಣೆ ನನ್ನದು. ಮೊದಲ ಸಲವಾದ್ದರಿಂದ ಅಳುಕಿದೆ. ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಬೇಕು.

ಕೊಪ್ಪಳದಿಂದ:
ಮೊದಲ ವರ್ಷ ನಾವು ಆಟಿಕೆಗಳನ್ನು ಎಣಿಸಿದೆವೇ ಹೊರತು ಮಕ್ಕಳನ್ನು ಎಣಿಸಲಿಲ್ಲ. ಶಾಮಿಯಾನದಡಿ ಸಾಲು ನಿಲ್ಲಿಸಿ ಕೈಗೆ ಸಿಕ್ಕಿದ್ದನ್ನು ಕೊಡುತ್ತ ಹೋದಾಗ, ಹನ್ನೆರಡರ ಹುಡುಗನಿಗೆ ಗಿಲಕಿಯೂ ಎರಡರ ಕೂಸಿಗೆ ಚದುರಂಗದ ಪೆಟ್ಟಿಗೆಯೂ ಹೋಗಿ, ಕೊನೆಗೆ ಇಪ್ಪತ್ತೆಂಟು ಮಕ್ಕಳು ಬರಿಗೈಯಲ್ಲಿ ಉಳಿದರು. ಅವರಲ್ಲಿ ಹೆಚ್ಚಿನವರು ಇಟ್ಟಂಗಿ ಭಟ್ಟಿಯ ಕಡೆಯವರು, ಯಾವ ಯಾದಿಯಲ್ಲಿಯೂ ಹೆಸರಿಲ್ಲದವರು.

ಮರುವರ್ಷ ಆರು ವರ್ಷದೊಳಗಿನವರ ಲೆಕ್ಕವನ್ನು ಅಂಗನವಾಡಿ ಕಾರ್ಯಕರ್ತೆಯಿಂದ, ದೊಡ್ಡವರದನ್ನು ಶಾಲೆಯ ಗುರುಗಳಿಂದ ಕೇಳಿ ಪಡೆದು, ಎರಡು ಸಂಜೆ ನಾವೇ ಗುಡಿಸಲು, ಭಟ್ಟಿಗಳನ್ನು ಸುತ್ತಿ ವಯಸ್ಸಿಗೊಂದು ಬಣ್ಣದ ಚೀಟಿ ಕೊಟ್ಟು ಬಂದೆವು. ಹಂಚುವ ದಿನ ಬಣ್ಣಕ್ಕೊಂದು ಮೇಜು ಇಟ್ಟು, ಮಗುವೇ ಆರಿಸಿಕೊಳ್ಳಲಿ ಎಂದು ಬಿಟ್ಟೆವು. ಹೊತ್ತು ಹಿಡಿಯಿತು, ನಿಜ. ಆದರೆ ಬದಲಿ ಕೊಡಿರೆಂಬ ಅಳು ಕೇಳಲಿಲ್ಲ. ನಮ್ಮ ಬಳಗದವರೊಬ್ಬರು ಹೆಣ್ಣುಮಕ್ಕಳಿಗೆಲ್ಲ ಗೊಂಬೆಯನ್ನೇ ಮುಂದೆ ಮಾಡುತ್ತಿದ್ದರು. ಒಬ್ಬಳು ಅದನ್ನು ಮೇಜಿನ ಮೇಲಿಟ್ಟು, ಮಾತಿಲ್ಲದೆ ಟ್ರ್ಯಾಕ್ಟರ್ ಎತ್ತಿಕೊಂಡು ಹೋದಳು.

ಇನ್ನೊಂದು: ಹಬ್ಬ ಮುಗಿಯುತ್ತಲೇ ಗುಳೆ ಹೊರಡುವ ಮನೆಗಳಿರುತ್ತವೆ. ಆದ್ದರಿಂದ ದಿನವನ್ನು ಮುಂದೂಡಬೇಡಿರಿ. ಗಂಟುಮೂಟೆಯಲ್ಲಿ ಹಿಡಿಯುವಂಥ ಆಟಿಕೆಗಳೂ ಇರಲಿ. ಪಾಡ್ಯದ ಬೆಳಿಗ್ಗೆ ಹೆಂಗಸರಿಗೆ ಪುರುಸೊತ್ತಿರುವುದಿಲ್ಲ, ಸಂಜೆ ನಾಲ್ಕರ ಮೇಲೆ ಇಟ್ಟುಕೊಳ್ಳಿರಿ.

ರಾಯಚೂರಿನಿಂದ:
ಮೇಲಿನವರು ವಯಸ್ಸಿನ ಮಾತೆತ್ತಿದ್ದಾರೆ. ಮೂರು ವರ್ಷದೊಳಗಿನ ಮಕ್ಕಳ ಮೇಜಿಗೆ ಅನುಭವವಿರುವ ತಾಯಿಯೊಬ್ಬರನ್ನು ಕೂರಿಸಿರಿ. ಆಟಿಕೆಯ ಬಿಡಿಭಾಗ ಸುಮಾರು 32 ಮಿ.ಮೀ. ಅಗಲದ ಕೊಳವೆಯಲ್ಲಿ ಇಳಿಯುವಂತಿದ್ದರೆ ಅದು ಕೂಸಿನ ಗಂಟಲಲ್ಲಿಯೂ ಸಿಕ್ಕಿಕೊಳ್ಳಬಹುದು. ಗುಂಡಿಯಂಥ ಸೆಲ್ಲು ಹಾಕುವ, ಹಾಡುವ, ಮಿನುಗುವ ಆಟಿಕೆಗಳನ್ನು ನಾನು ಪೂರಾ ಬೇಡವೆನ್ನುತ್ತೇನೆ: ನುಂಗಿದ ಸೆಲ್ಲು ಅನ್ನನಾಳದಲ್ಲಿ ನಿಂತರೆ ಎರಡೇ ಗಂಟೆಯಲ್ಲಿ ಒಳಗೆ ಸುಡತೊಡಗುತ್ತದೆ, ಹಾಗಾದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ಸಗಟು ಖರೀದಿಯಲ್ಲಿ ಅದನ್ನು ನೋಡಿಯೇ ಕೊಳ್ಳಿರಿ. ಹಳೆಯ ಆಟಿಕೆಗಳನ್ನು ಸಂಗ್ರಹಿಸುವುದಾದರೆ ತೊಳೆದು ಒಣಗಿಸಲು ವಾರ ಮೊದಲೇ ಕೂರಬೇಕು. ಒಂದು ವರ್ಷ ನಾವು ಹಿಂದಿನ ರಾತ್ರಿ ಕೂತು ಸೋತಿದ್ದೇವೆ.

ಬಳ್ಳಾರಿಯಿಂದ:
ಆರಿಸಿಕೊಳ್ಳಲು ಬಿಡಿ ಎಂಬುದನ್ನು ನಾನು ಪೂರ್ತಿ ಒಪ್ಪಲಾರೆ. ನಮ್ಮಲ್ಲಿ ಮೊದಲು ಬಂದವರು ದೊಡ್ಡದನ್ನೆಲ್ಲ ಒಯ್ದರು, ಹಿಂದಿನವರಿಗೆ ಉಳಿದದ್ದು ಬುಗುರಿ. ಹಾಗಾಗಿ ಈಗ ಒಂದು ಮೇಜಿನ ಮೇಲೆ ಬೆಲೆಯಲ್ಲಿ ಸಮಾನವಾದವನ್ನೇ ಇಡುತ್ತೇವೆ, ಆಮೇಲೆ ಆರಿಸಿಕೊಳ್ಳಲಿ.

ಮರದ ಬೊಂಬೆಗಳಿಗೆ ಹೆಸರಾದ ಕಿನ್ನಾಳ ನಿಮಗೆ ಹತ್ತಿರವೇ ಇದೆ. ಅಲ್ಲಿಯ ಕಲಾವಿದರಿಂದ ಕೊಂಡರೆ ಐ.ಎಸ್.ಐ. ಗುರುತಿಲ್ಲವೆಂದು ಗಾಬರಿಯಾಗಬೇಡಿರಿ, ಕಿನ್ನಾಳದ ಬೊಂಬೆಗಳಂತೆ ಭೌಗೋಳಿಕ ಸೂಚಿಕೆ (ಒಂದು ಊರಿನ ವಿಶೇಷ ಉತ್ಪನ್ನವೆಂಬ ಸರ್ಕಾರಿ ಮಾನ್ಯತೆ, ಜಿ.ಐ.) ಪಡೆದ ಉತ್ಪನ್ನಗಳ ಅಧಿಕೃತ ತಯಾರಕರಿಗೆ ಅದರಿಂದ ವಿನಾಯಿತಿಯಿದೆ. ಆದರೆ ಹಗುರ ಮರದ ಮೇಲೆ ಬಣ್ಣ ಹಚ್ಚಿದ ಆ ಬೊಂಬೆಗಳನ್ನು ಬಾಯಿಗೆ ಹಾಕುವ ಕೂಸಿಗಲ್ಲ, ಜೋಪಾನ ಮಾಡಬಲ್ಲ ದೊಡ್ಡ ಮಕ್ಕಳಿಗೆ ಕೊಡಿರಿ.

ದಾನಿಗಳು ಫೋಟೋ ಕೇಳಿಯೇ ಕೇಳುತ್ತಾರೆ. ಮೇಜು ಜೋಡಿಸುವಾಗ ಆಟಿಕೆಗಳದ್ದು ತೆಗೆದು ಕಳಿಸಿಬಿಡಿರಿ. ಕೈಯೊಡ್ಡಿ ನಿಂತ ಮಗುವಿನ ಚಿತ್ರ ಯಾರ ಮೊಬೈಲಿನಲ್ಲಿಯೂ ಇರಬಾರದೆಂದು ಬಳಗದವರಿಗೆ ಹಿಂದಿನ ದಿನವೇ ಹೇಳಿರಿ, ಅಂದೇ ಹೇಳಿದರೆ ಯಾರೂ ಕೇಳುವುದಿಲ್ಲ.