ಸ್ವಂತವಾಗಿ ಮದುವೆ ಅಡುಗೆ ಹಿಡಿಯಲೇ, ಕೈಯಾಳಾಗಿಯೇ ಇರಲೇ? ಅನುಭವಸ್ಥರು ಹೇಳಿ

ಪ್ರಶ್ನೆ: ಸಾಗರದ ಕೈಯಾಳು

ವಯಸ್ಸು 38. ಬೆಂಗಳೂರಿನಲ್ಲಿ ಒಬ್ಬ ಹಿರಿಯ ಅಡುಗೆ ಭಟ್ಟರ ಜೊತೆ 16 ವರ್ಷಗಳಿಂದ ಇದ್ದೇನೆ. ತರಕಾರಿ ಹೆಚ್ಚುವುದರಿಂದ ಶುರುಮಾಡಿದವನು, ಈಗ ಹುಳಿ, ಸಾರು, ಗೊಜ್ಜು, ಪಾಯಸ ಎಲ್ಲವನ್ನೂ ನಾನೇ ಇಳಿಸುತ್ತೇನೆ. ಭಟ್ಟರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿದೆ. ಅವರ ಹಳೆಯ ಗಿರಾಕಿಯೊಬ್ಬರು ಮಾಘದಲ್ಲಿ ಮಗಳ ಮದುವೆಗೆ ನೀನೇ ಮಾಡಿಕೊಡು ಎನ್ನುತ್ತಿದ್ದಾರೆ. ಹಿಂದಿನ ರಾತ್ರಿ 250, ಬೆಳಗಿನ ತಿಂಡಿಗೆ 300, ಮಧ್ಯಾಹ್ನ 700 ಎಲೆ. ಸೋಮವಾರ ಮುಂಗಡ ಕೊಡುತ್ತಾರಂತೆ.

ಒಲೆಯ ಮುಂದೆ ನಿಂತರೆ ನನಗೆ ಯಾವ ಹೆದರಿಕೆಯೂ ಇಲ್ಲ. ಆದರೆ ಸಾಮಾನಿನ ಪಟ್ಟಿ, ಲೆಕ್ಕ, ಬಡಿಸುವವರನ್ನು ಹೊಂದಿಸುವುದು ಇದೆಲ್ಲ ಯಾವತ್ತೂ ನನ್ನ ತಲೆಯ ಮೇಲೆ ಇರಲಿಲ್ಲ. ಆಗುತ್ತದೆ ಎಂದುಕೊಂಡರೆ ಅಹಂಕಾರ ಬಂತೇನೋ ಅನ್ನಿಸುತ್ತದೆ, ಆಗುವುದಿಲ್ಲ ಎಂದುಕೊಂಡರೆ ಹೇಡಿ ಅನ್ನಿಸುತ್ತದೆ. ಹೆಂಡತಿ ಹಿಡಿಯಿರಿ ಎನ್ನುತ್ತಾಳೆ. ನಿಮಗೆಲ್ಲ ನಿಮ್ಮ ಅಳತೆ ಹೇಗೆ ಗೊತ್ತಾಯಿತು?

ಎಲೆ ಲೆಕ್ಕದವನು, ಹಾಸನ

ನನ್ನ ಕಥೆ ಕೇಳಿ. 2016ರ ವೈಶಾಖ. ಮೊದಲ ಸ್ವಂತ ಗುತ್ತಿಗೆ. ಎಲೆ ಲೆಕ್ಕಕ್ಕೆ ಒಪ್ಪಿಕೊಂಡೆ, ಎಲೆಗೆ 180 ರೂಪಾಯಿ, 500 ಎಲೆ. ಹೆಣ್ಣಿನ ತಂದೆ "ನಿಮ್ಮ ಕೈಯಲ್ಲಿ ಆಗುತ್ತದಾ" ಎಂದು ಕೇಳಿದಾಗ ನಾನು ಕೊಟ್ಟ ಉತ್ತರ ಈಗಲೂ ಕಿವಿಯಲ್ಲಿದೆ: "500 ಏನು ಮಹಾ ಸ್ವಾಮಿ!" ಹನ್ನೊಂದು ವರ್ಷ ಬೇರೆಯವರ ಒಲೆಯಲ್ಲಿ ಸಾವಿರ ಸಾವಿರ ಎಲೆಗೆ ಬೇಯಿಸಿದ್ದೆನಲ್ಲ, ಆ ಸೊಕ್ಕು.

ಬಂದವರು 640. ನಾನು ಇಟ್ಟುಕೊಂಡಿದ್ದದ್ದು 55 ಕಿಲೋ ಅಕ್ಕಿ. ಮೂರನೇ ಪಂಕ್ತಿಯಲ್ಲಿ ಸಾರಿಗೆ ಅನ್ನ ಬಡಿಸುವಾಗ ಕೊಪ್ಪರಿಗೆಯ ತಳಕ್ಕೆ ಸೌಟು ತಾಗಿದ ಸದ್ದು ಕೇಳಿಸಿತು. ಹುಡುಗನನ್ನು ಸ್ಕೂಟರಿನಲ್ಲಿ ಓಡಿಸಿ ಇನ್ನೂ 15 ಕಿಲೋ ತರಿಸಿದೆ. ತೊಳೆದು, ಎಸರು ಕುದಿಸಿ, ಬೇಯಿಸಿ ಬಡಿಸುವ ಹೊತ್ತಿಗೆ ಮುಕ್ಕಾಲು ಗಂಟೆ. ನೂರೈವತ್ತು ಜನ ಕೋಸಂಬರಿ, ಪಲ್ಯ ಮುಗಿಸಿ ಖಾಲಿ ಎಲೆಯ ಮುಂದೆ ಕೈ ಒಣಗಿಸಿಕೊಂಡು ಕೂತಿದ್ದರು. ಅದರಲ್ಲಿ ಗಂಡಿನ ಸೋದರಮಾವ ಎದ್ದೇ ಹೋದರು.

ಖರ್ಚು ಬರೆಯುತ್ತೇನೆ, ಓದಿಕೊಳ್ಳಿ. ದಿನಸಿ, ತರಕಾರಿ, ಹಾಲು, ಆ ಹೊತ್ತಿನಲ್ಲಿ ತರಿಸಿದ್ದು ಸೇರಿ 58,000. ಒಂಬತ್ತು ಆಳು ಎರಡು ದಿನ, ತಲೆಗೆ 900ರಂತೆ 16,200. ಗ್ಯಾಸ್ 3,750. ಪಾತ್ರೆ ಬಾಡಿಗೆ 4,500. ಗಾಡಿ 3,800. ಎಲೆ 2,100. ಒಟ್ಟು 88,350. ಕೈಗೆ ಬಂದದ್ದು ಮುಂಗಡದ 25,000, ಆಮೇಲೆ 45,000. ಹೆಚ್ಚಿಗೆ ಉಂಡ 140 ಎಲೆಯ ದುಡ್ಡು ಕೊಡುವುದಿರಲಿ, ಮರ್ಯಾದೆ ಹೋಯಿತೆಂದು ಒಪ್ಪಿದ್ದರಲ್ಲೇ 20,000 ಮುರಿದುಕೊಂಡರು. ನಷ್ಟ 18,350. ಹೆಂಡತಿಯ ಬಳೆ ಗಿರವಿ ಅಂಗಡಿಯಿಂದ ವಾಪಸ್ಸು ಬರಲು ಹದಿನಾಲ್ಕು ತಿಂಗಳು ಬೇಕಾಯಿತು.

ಅಲ್ಲಿಂದ ಈಚೆಗೆ ಎಲೆಯ ಕಟ್ಟುಗಳನ್ನು ನಾನೇ ನೂರು ನೂರು ಎಣಿಸಿ ಕೊಡುತ್ತೇನೆ, ಉಳಿದದ್ದನ್ನು ಅವರ ಕಡೆಯವರ ಎದುರಿಗೇ ಎಣಿಸಿ ಸಹಿ ಹಾಕಿಸುತ್ತೇನೆ. 500 ಎಂದರೆ 575ಕ್ಕೆ ಅಕ್ಕಿ ತರುತ್ತೇನೆ. ನನ್ನ ಅನುಮಾನ ನನ್ನನ್ನು ಉಳಿಸಿದೆ. ಲೆಕ್ಕ, ಪಟ್ಟಿಯ ಅಳುಕು ಇದೆ ಎಂದಿರಲ್ಲ, ಅದನ್ನು ಬಿಡಬೇಡಿ.

ಹೋಳಿಗೆ ಮನೆ, ದಾವಣಗೆರೆ

ಅಣ್ಣಾ, ನಿಮ್ಮ ನಷ್ಟಕ್ಕೆ ಬೇಸರವಾಯಿತು. ಆದರೆ ಹೀಗೆ ಹೆದರಿಸಿ ಹೆದರಿಸಿಯೇ ನಮ್ಮ ಜನ ಇದ್ದಲ್ಲೇ ಕೊಳೆಯುವುದು. ಅನುಮಾನಕ್ಕೆ ನಾನು ಇಟ್ಟ ಹೆಸರು ಆಲಸ್ಯ.

2018ರಲ್ಲಿ ಎರಡು ಕಿಲೋ ಕಡಲೆಬೇಳೆಯಿಂದ ಮನೆಯಲ್ಲಿ ಶುರುಮಾಡಿದೆ. ಅತ್ತೆ, ಓರಗಿತ್ತಿ, ಗಂಡ ಎಲ್ಲರೂ ಬೇಡವೆಂದರು. ಮುದ್ರಾ ಯೋಜನೆಯ ಕಿಶೋರ ವಿಭಾಗದಲ್ಲಿ 2,40,000 ಸಾಲ ತೆಗೆದು ಹೋಳಿಗೆ ಯಂತ್ರ ತಂದೆ. ಮೊದಲ ಮೂರು ವಾರ ಹೂರಣ ಒಡೆದು ಹೊರಗೆ ಬರುತ್ತಿತ್ತು. ಬೇಳೆ ಒಂದು ಕುದಿ ಹೆಚ್ಚು ಬೆಂದಿದ್ದರೂ ಯಂತ್ರ ಕೇಳುವುದಿಲ್ಲ. ಕೈಯಾದರೆ ಹಿಟ್ಟು ಹಚ್ಚಿ ಸರಿಮಾಡಿಕೊಳ್ಳುತ್ತದೆ, ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ.

ಮರುವರ್ಷ ಮೇ ತಿಂಗಳಲ್ಲಿ 1,400 ಹೋಳಿಗೆಯ ಆರ್ಡರ್. ರಾತ್ರಿ ಹನ್ನೊಂದಕ್ಕೆ ಮುಗಿಯಿತು. ಬೇಗ ಮಲಗಬೇಕೆಂದು ಬಿಸಿ ಆರುವ ಮುಂಚೆಯೇ ಡಬ್ಬಕ್ಕೆ ತುಂಬಿ ಮುಚ್ಚಿದೆವು. ಬೆಳಗಿನ ಜಾವ ನಾಲ್ಕಕ್ಕೆ ಮೊದಲ ಡಬ್ಬದ ಮುಚ್ಚಳ ತೆಗೆದರೆ ಒಳಗೆಲ್ಲ ನೀರ ಹನಿ. ಒಂದನ್ನು ಮುರಿದೆ. ಹೂರಣ ಎಳೆ ಎಳೆಯಾಗಿ ಬಂತು, ಹುಳಿ ವಾಸನೆ. ಹದಿನಾಲ್ಕು ಡಬ್ಬ, ಎಲ್ಲವೂ ಹಾಗೆಯೇ. ಅಷ್ಟನ್ನೂ ದನಗಳಿಗೂ ಹಾಕದೆ ಗುಂಡಿ ತೋಡಿ ಮುಚ್ಚಿದೆ. ಗಿರಾಕಿಗೆ ಫೋನ್ ಮಾಡಿ ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ಓಣಿಯ ಆರು ಜನ ಹೆಂಗಸರನ್ನು ಎಬ್ಬಿಸಿ ಹನ್ನೊಂದೂವರೆಗೆ 900 ಕೈಹೋಳಿಗೆ ಮುಟ್ಟಿಸಿದೆ. ಅನುಮಾನ ಪಡುತ್ತಾ ಕೂತಿದ್ದರೆ ಆಗುತ್ತಿತ್ತೇ? ಇವತ್ತು ಸಾಲ ತೀರಿದೆ, ನಾಲ್ವರಿಗೆ ಸಂಬಳ ಕೊಡುತ್ತಿದ್ದೇನೆ. ಹಿಡಿಯಿರಿ. ಯೋಚನೆ ಬೇಡ.

ಎಲೆ ಲೆಕ್ಕದವನು, ಹಾಸನ

ಅಕ್ಕಾ, ಆಲಸ್ಯ ಎಂದಿರಲ್ಲ, ಆ ಮಾತನ್ನು ವಾಪಸ್ಸು ತೆಗೆದುಕೊಳ್ಳಿ. ನಿಮ್ಮ ಕಥೆಯಲ್ಲೇ ಇದೆ ಉತ್ತರ. ಬಿಸಿ ಹೋಳಿಗೆ ಮುಚ್ಚುವಾಗ ಒಂದು ಚೂರು ಅನುಮಾನ ಬಂದಿದ್ದರೆ 1,400 ಹೋಳಿಗೆ ಗುಂಡಿಗೆ ಹೋಗುತ್ತಿರಲಿಲ್ಲ. 18 ಸಾವಿರ ಕಳೆದುಕೊಂಡವನು ಆಲಸಿಯಲ್ಲ. ಬಳೆಯಿಲ್ಲದ ಕೈಯಲ್ಲಿ ಹೆಂಡತಿ ಬಡಿಸುವುದನ್ನು ಹದಿನಾಲ್ಕು ತಿಂಗಳು ನೋಡಿದವನು.

ಪಾಕದವರು, ತೀರ್ಥಹಳ್ಳಿ

ನನಗೆ 52. ಮೂವತ್ತು ವರ್ಷದಿಂದ ಸಿಹಿ ಒಲೆ ಮಾತ್ರ. ಮೂರು ಸಲ ನನ್ನನ್ನು ಸ್ವಂತ ಮಾಡು ಎಂದು ಕೇಳಿದ್ದಾರೆ, ಮೂರು ಸಲವೂ ಒಲ್ಲೆ ಎಂದಿದ್ದೇನೆ. ಇಲ್ಲಿ ಎಲ್ಲರೂ ಕೈಯಾಳಾಗಿ ಉಳಿಯುವುದನ್ನು ಸೋಲು ಎಂಬಂತೆ ಬರೆಯುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಮೈಸೂರು ಪಾಕ್ ಮಾಡುವಾಗ ಪಾಕ ಒಂದೆಳೆ ಬಂತೇ ಎಂದು ನಾನು ಬೆರಳಿಗೆ ಹಚ್ಚಿ ನೋಡುವುದಿಲ್ಲ. ಗುಳ್ಳೆ ಒಡೆಯುವ ಸದ್ದಿನಲ್ಲೇ ಗೊತ್ತಾಗುತ್ತದೆ. ಹಿಟ್ಟು ಬಿದ್ದ ಮೇಲೆ ಕಾದ ತುಪ್ಪವನ್ನು ಸೌಟು ಸೌಟಾಗಿ ಬಿಡುತ್ತಾ ಹೋದರೆ ಅದು ಜೇನುಗೂಡಿನ ಹಾಗೆ ಉಬ್ಬಿ ಬಾಣಲೆಯ ಅಂಚು ಬಿಡುತ್ತದೆ. ಆ ಗಳಿಗೆಯಲ್ಲಿ ಇಳಿಸಬೇಕು. ಹತ್ತು ಎಣಿಸುವಷ್ಟು ತಡವಾದರೆ ಕಲ್ಲು. ಇಷ್ಟು ಗೊತ್ತಾಗಲು ನನಗೆ ಹನ್ನೆರಡು ವರ್ಷ ಬೇಕಾಯಿತು. ಗುತ್ತಿಗೆ ಹಿಡಿದಿದ್ದರೆ ಆ ಗಳಿಗೆಯಲ್ಲಿ ನಾನು ಛತ್ರದ ಬಾಗಿಲಲ್ಲಿ ಹಾಲಿನವನ ಜೊತೆ ಜಗಳವಾಡುತ್ತಿರುತ್ತಿದ್ದೆ. ನನ್ನ ಒಲೆಯ ಮುಂದೆ ನನಗಿರುವಷ್ಟು ಧೈರ್ಯ ಯಾವ ಗುತ್ತಿಗೆದಾರನಿಗೂ ಇಲ್ಲ.

2020ರ ಮಾರ್ಚ್ ನೆನಪಿದೆಯೇ? ಲಗ್ನದ ಕಾಲಕ್ಕೆ ಸರಿಯಾಗಿ ಎಲ್ಲ ಮುಚ್ಚಿತು. ಆಮೇಲೆ ಮದುವೆಗೆ 50 ಜನ ಎಂದರು. ನಮ್ಮ ಗುತ್ತಿಗೆಯ ಯಜಮಾನರು ಹನ್ನೊಂದು ಮದುವೆಯ ಮುಂಗಡ ಹಿಂತಿರುಗಿಸಬೇಕಾಯಿತು, ಅದರಲ್ಲಿ ಅರ್ಧ ಆಗಲೇ ಪಾತ್ರೆಗೆ ಖರ್ಚಾಗಿತ್ತು. ನಾನು ಊರಿಗೆ ಬಂದು ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವವರ ಜೊತೆ ಪೈಪು ಹಿಡಿದೆ. ದುಡ್ಡು ಕಡಿಮೆ, ಆದರೆ ಸಾಲ ಇರಲಿಲ್ಲ.

ನನ್ನ ಕೈಕೆಳಗೆ ಕಲಿತ ಹುಡುಗನೊಬ್ಬನಿಗೆ ಈಗ ಎರಡು ವ್ಯಾನು. ಹಬ್ಬಕ್ಕೆ ಫೋನ್ ಮಾಡುತ್ತಾನೆ. ಬೇಸರ ಇಲ್ಲವೇ ಎಂದರೆ, ಇದೆ. ಆದರೂ ಒಲ್ಲೆ ಎಂದದ್ದು ಹೆದರಿಕೆಯಿಂದಲ್ಲ.

ಮತ್ತೆ, ದಾವಣಗೆರೆಯ ತಂಗೀ, ಯಂತ್ರದ್ದು ಹೋಳಿಗೆಯಲ್ಲ. ಕಣಕ ದಪ್ಪ, ಅಂಚು ಹಸಿ.

ಮನಶ್ಶಾಸ್ತ್ರ ಉಪನ್ಯಾಸಕಿ, ಮೈಸೂರು

ನಾನು ಅಡುಗೆಯವಳಲ್ಲ, ಆದರೆ ಈ ಪ್ರಶ್ನೆ ನನ್ನದೂ ಹೌದು. 1978ರಲ್ಲಿ ಪಾಲೀನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಸಾಧನೆ ಮಾಡಿದ ಮಹಿಳೆಯರನ್ನು ಮಾತನಾಡಿಸಿದಾಗ, ಪದವಿ, ಹುದ್ದೆ ಎಲ್ಲ ಇದ್ದರೂ "ನಾನು ಮೋಸದಿಂದ ಇಲ್ಲಿಗೆ ಬಂದಿದ್ದೇನೆ, ಒಂದು ದಿನ ಸಿಕ್ಕಿಬೀಳುತ್ತೇನೆ" ಎಂಬ ಭಾವ ಆ ಮಹಿಳೆಯರನ್ನು ಕಾಡುತ್ತಿತ್ತು. ಇನ್ನೊಂದು ಅಧ್ಯಯನ 1999ರದು, ಡನಿಂಗ್ ಮತ್ತು ಕ್ರೂಗರ್ ಅವರದು. ಪರೀಕ್ಷೆಯಲ್ಲಿ ತೀರಾ ಕೆಳಗಿನ ಕಾಲುಭಾಗದವರು ನೂರು ಜನರ ಸಾಲಿನಲ್ಲಿ ಕೆಳಗಿನಿಂದ ಹನ್ನೆರಡನೆಯ ಸ್ಥಾನದ ಮಟ್ಟದಲ್ಲಿದ್ದರೂ ತಾವು ಅರವತ್ತೆರಡನೆಯದರಲ್ಲಿದ್ದೇವೆ ಎಂದುಕೊಂಡಿದ್ದರು. ಎಲ್ಲರಿಗಿಂತ ಮೇಲಿದ್ದವರು ತಮ್ಮನ್ನು ಇರುವುದಕ್ಕಿಂತ ಕೆಳಗೇ ಎಣಿಸಿಕೊಂಡಿದ್ದರು.

ಇದನ್ನು ತರಗತಿಯಲ್ಲಿ ಒಂಬತ್ತು ವರ್ಷ ಪಾಠ ಮಾಡಿದ ನಾನು ನನ್ನ ಪಿಎಚ್‌ಡಿ ಪ್ರಬಂಧವನ್ನು ನಾಲ್ಕು ವರ್ಷ ಕಪಾಟಿನಲ್ಲಿಟ್ಟೆ. ಮಾರ್ಗದರ್ಶಕರು ಮೂರು ಸಲ ಸಾಕು, ಕೊಡು ಎಂದರು. ನಾನು ಇನ್ನೊಂದು ಅಧ್ಯಾಯ ತಿದ್ದುತ್ತೇನೆ ಎಂದೆ. ನೋಂದಣಿಯ ಅವಧಿ ಮುಗಿಯಿತು, ದಂಡ ಕಟ್ಟಿ ವಿಸ್ತರಿಸಿದೆ, ಅದೂ ಮುಗಿಯಿತು. ಅಷ್ಟರಲ್ಲಿ ಮಾರ್ಗದರ್ಶಕರು ನಿವೃತ್ತರಾದರು. ಹೊಸಬರು ವಿಷಯವನ್ನೇ ಬದಲಿಸು ಎಂದರು. ಕೊನೆಗೆ ಕೊಟ್ಟಾಗ ಪರೀಕ್ಷಕರು ಕೇಳಿದ ತಿದ್ದುಪಡಿ ಎರಡೇ ಎರಡು ಪುಟ.

ಎಲೆ ಲೆಕ್ಕದವನು, ಹಾಸನ

ಮೇಡಂ, ಗೌರವದಿಂದಲೇ ಹೇಳುತ್ತೇನೆ. ನಿಮ್ಮ ಪ್ರಬಂಧ ಕಪಾಟಿನಲ್ಲಿ ನಾಲ್ಕು ವರ್ಷ ಹಾಳಾಗದೆ ಇತ್ತು. ನಮ್ಮ ಅನ್ನ ನಾಲ್ಕು ಗಂಟೆ ಇರುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮನಶ್ಶಾಸ್ತ್ರ ಉಪನ್ಯಾಸಕಿ, ಮೈಸೂರು

ಪ್ರಬಂಧ ಹಾಳಾಗಲಿಲ್ಲ, ನಿಜ. ನಾನು ಹಾಳಾದೆ. ಬಡ್ತಿ ಹೋಯಿತು, ಮೂವತ್ತೈದರಿಂದ ಮೂವತ್ತೊಂಬತ್ತರವರೆಗೆ ರಾತ್ರಿ ನಿದ್ದೆ ಹೋಯಿತು. ಅದು ಕಾಣುವುದಿಲ್ಲವೆಂದು ಖರ್ಚಲ್ಲ ಎನ್ನಬೇಡಿ.

ಹೋಳಿಗೆ ಮನೆ, ದಾವಣಗೆರೆ

ತೀರ್ಥಹಳ್ಳಿಯವರೇ, ಯಂತ್ರದ್ದು ಹೋಳಿಗೆಯಲ್ಲವೇ? ಕಣಕ ನಾದಿ ಎಣ್ಣೆಯಲ್ಲಿ ಎಷ್ಟು ಹೊತ್ತು ನೆನೆಸಬೇಕೆಂದು ಗೊತ್ತಿದ್ದರೆ ಯಂತ್ರದಲ್ಲೂ ಎಲೆಯಂತೆ ಬರುತ್ತದೆ. ಕೈಯಲ್ಲಿ ತಟ್ಟುವ ಹೆಂಗಸರ ರಟ್ಟೆ ನೋವು ನೀವು ನೋಡಿದ್ದೀರಾ? ನನ್ನ ಅತ್ತೆಗೆ ಐವತ್ತಕ್ಕೇ ಬಲಭುಜ ಮೇಲೇಳುತ್ತಿರಲಿಲ್ಲ. ಯಂತ್ರ ತಂದದ್ದು ಅದಕ್ಕೆ.

ಪಾಕದವರು, ತೀರ್ಥಹಳ್ಳಿ

ಭುಜದ ಮಾತು ಒಪ್ಪಿದೆ. ರುಚಿಯ ಮಾತು ಒಪ್ಪುವುದಿಲ್ಲ.

ಬೇಳೆ ಬೇಯದವನು, ಕುಂದಾಪುರ

ಎಲೆ ಲೆಕ್ಕದ ತಂಟೆಯೇ ಬೇಡ, ಬರೀ ಕೂಲಿ ಗುತ್ತಿಗೆ ಹಿಡಿ, ಸಾಮಾನು ಅವರೇ ತರಲಿ ಎಂದು ಯಾರಾದರೂ ಹೇಳುವ ಮುಂಚೆ ನನ್ನದನ್ನೂ ಕೇಳಿ. ಹಾಗೆಯೇ ಹಿಡಿದೆ. 22,000 ಕೂಲಿ, 400 ಎಲೆ. ಪಟ್ಟಿ ನಾನು ಕೊಟ್ಟೆ, ಸಾಮಾನು ಅವರು ತಂದರು. ತೊಗರಿಬೇಳೆ ಎಲ್ಲಿ ಅಗ್ಗ ಸಿಕ್ಕಿತೋ ಅಲ್ಲಿಂದ, ಹಳೆಯ ದಾಸ್ತಾನು. ಛತ್ರದ ಕೊಳವೆಬಾವಿಯ ನೀರು ಗಡಸು. ಐದು ಗಂಟೆಗೆ ಇಟ್ಟ ಬೇಳೆ ಎಂಟೂವರೆಗೂ ಬೆರಳಿಗೆ ಕಾಳು ಕಾಳಾಗಿ ಸಿಗುತ್ತಿತ್ತು. ಸೋಡ ಹಾಕಿದೆ. ಹುಳಿಗೆ ಸಾಬೂನಿನ ರುಚಿ ಬಂತು. ಬೇಳೆ ತಂದವರನ್ನು ಯಾರೂ ಬೈಯಲಿಲ್ಲ.

ಅದು ಹೋಗಲಿ. ಆಮೇಲೆ ಆದದ್ದು ದೊಡ್ಡದು. ಮುಂದಿನ ಮದುವೆಯಲ್ಲಿ ನನ್ನ ನಾಲಿಗೆಯನ್ನೇ ನಾನು ನಂಬಲಿಲ್ಲ. ಹುಳಿಯನ್ನು ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿದೆ, ಸರಿ ಇತ್ತು. ಮತ್ತೆ ನೋಡಿದೆ. ಏಳೆಂಟು ಸಲವಾದ ಮೇಲೆ ಸುಟ್ಟ ನಾಲಿಗೆಗೆ ಉಪ್ಪೇ ತಿಳಿಯಲಿಲ್ಲ. ಕಡಿಮೆಯಾಯಿತೆಂದು ಎರಡು ಹಿಡಿ ಹಾಕಿದೆ. ಪಂಕ್ತಿಯಲ್ಲಿ ಒಬ್ಬೊಬ್ಬರಾಗಿ ಹುಳಿಯನ್ನು ಎಲೆಯ ಮೂಲೆಗೆ ತಳ್ಳುವುದನ್ನು ಕಿಟಕಿಯಿಂದ ನೋಡಿದೆ. ಹಾಸನದ ಅಣ್ಣ ಹೇಳುವ ಅನುಮಾನ ಪಟ್ಟಿಯಲ್ಲಿರಬೇಕು, ಎಲೆಯ ಕಟ್ಟಿನಲ್ಲಿರಬೇಕು. ನಾಲಿಗೆಗೆ ಬಂದರೆ ಮುಗಿಯಿತು. ಈಗ ನಾನು ಒಂದೇ ಸಲ ರುಚಿ ನೋಡುತ್ತೇನೆ. ಎರಡನೇ ಸಲ ಬಡಿಸುವ ಹುಡುಗನಿಗೆ ಕೊಡುತ್ತೇನೆ, ಅವನು ಹೇಳಿದ್ದೇ ಕೊನೆ.

ಎಲೆ ಲೆಕ್ಕದವನು, ಹಾಸನ

ತಮ್ಮಾ, ಇದು ನನಗೂ ಆಗಿದೆ. ಬರೆದಿರಲಿಲ್ಲ. ಆ ಮದುವೆಯಾದ ಮೇಲೆ ಒಂದು ವರ್ಷ ಮನೆಯಲ್ಲಿ ನಾಲ್ಕು ಜನರಿಗೆ ಅಕ್ಕಿ ಹಾಕುವಾಗಲೂ ಪಾವನ್ನು ಮತ್ತೆ ಮತ್ತೆ ಎಣಿಸುತ್ತಿದ್ದೆ.

ಸಾಗರದ ಕೈಯಾಳು

ಎಲ್ಲರಿಗೂ ನಮಸ್ಕಾರ. ಭಾನುವಾರ ಭಟ್ಟರ ಮನೆಗೆ ಹೋಗಿ 700 ಎಲೆಗೆ ನಾನೇ ಬರೆದ ಪಟ್ಟಿಯನ್ನು ಮುಂದಿಟ್ಟೆ. ಮಂಚದ ಮೇಲೆ ಕಾಲು ಚಾಚಿಕೊಂಡೇ ಓದಿದರು. ಮೂರು ಕಡೆ ತಿದ್ದಿದರು. ಅಕ್ಕಿ 75 ಕಿಲೋ ಎಂದು ಬರೆದಿದ್ದೆ, 85 ಮಾಡಿದರು. ಉಳಿದದ್ದರ ಮೇಲೆ ಏನೂ ಹೇಳಲಿಲ್ಲ. ಹದಿನಾರು ವರ್ಷದಲ್ಲಿ ಅವರು ಏನೂ ಹೇಳದಿದ್ದರೆ ಸರಿಯಿದೆ ಎಂದರ್ಥ.

ಸೋಮವಾರ ಮುಂಗಡ ತೆಗೆದುಕೊಂಡೆ. ಕೂಲಿ ಗುತ್ತಿಗೆಯೇ, ಆದರೆ ಬೇಳೆ, ಎಣ್ಣೆ, ತುಪ್ಪ ತರಲು ನಾನೂ ಅಂಗಡಿಗೆ ಹೋಗುತ್ತೇನೆ ಎಂದು ಮಾತಾಗಿದೆ. ಬೇಳೆಯನ್ನು ಒಂದು ಹಿಡಿ ಮೊದಲೇ ಛತ್ರದ ನೀರಿನಲ್ಲಿ ಬೇಯಿಸಿ ನೋಡುತ್ತೇನೆ. ಸಿಹಿ ಮಾತ್ರ ಇನ್ನೂ ತೀರ್ಮಾನವಾಗಿಲ್ಲ, ಅವರು ಹೋಳಿಗೆ ಕೇಳುತ್ತಿದ್ದಾರೆ.

ಪಾಕದವರು, ತೀರ್ಥಹಳ್ಳಿ

ಹೋಳಿಗೆಯಾದರೆ ಕೈಯಲ್ಲೇ ಮಾಡಿಸಿ.

ಹೋಳಿಗೆ ಮನೆ, ದಾವಣಗೆರೆ

700 ಎಲೆಗೆ ಕೈಯಲ್ಲಿ ತಟ್ಟಲು ಎಷ್ಟು ಜನ ಬೇಕೆಂದು ಅವರು ಹೇಳಲಿ, ಕೂಲಿಯನ್ನೂ ಸೇರಿಸಿ ಹೇಳಲಿ. ಆಮೇಲೆ ನಾನು ಮಾತನಾಡುತ್ತೇನೆ.